ಶುಗರ್‌ಗೆ ಚುಚ್ಚಿದ ಬೆರಳಿನಲ್ಲೇ ಇನ್ನೊಂದು ಹನಿ

ದಾವಣಗೆರೆ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಹೆಪಟೈಟಿಸ್ ಸಿ, ಅಂದರೆ ರಕ್ತದಿಂದ ಹರಡುವ ಲಿವರ್ ವೈರಸ್ ಪತ್ತೆ ಮಾಡುವ ಕಿಟ್‌ಗಳ ಪೆಟ್ಟಿಗೆ ನಮ್ಮ ಕಪಾಟಿನಲ್ಲಿ ಸುಮ್ನೆ ಕೂತಿತ್ತು. ಎಕ್ಸ್‌ಪೈರಿ ಹತ್ತಿರ ಬಂದಾಗಲೇ ನನಗೆ ಅದರ ನೆನಪಾಗಿದ್ದು. ರಿಜಿಸ್ಟರ್ ತೆಗೆದು ನೋಡಿದರೆ ಒಂದು ಪುಟವೂ ತುಂಬಿರಲಿಲ್ಲ.

ಜನ ಒಪ್ಪೋದಿಲ್ಲ ಅಂತ ನಾವು ನಾವೇ ಹೇಳಿಕೊಂಡಿದ್ದೆವು. ನಿಜ ಏನೆಂದರೆ ನಮಗೆ ಕೇಳಲು ಬರುತ್ತಿರಲಿಲ್ಲ. "ನಶೆ ಇಂಜೆಕ್ಷನ್ ತಗೊಂಡಿದ್ದೀರಾ?" ಎಂದು ಫಾರಂ ಓದಿದ ಹಾಗೆ ಕೇಳಿದರೆ ಅರವತ್ತು ದಾಟಿದ ಅಜ್ಜಿ ಏನಂತಾರೆ? ಎದ್ದು ಹೋಗುತ್ತಾರೆ, ಅಷ್ಟೇ. ಕಾಮಣಿ ಆಗಿತ್ತಾ ಎಂದು ಕೇಳಿಯೂ ಪ್ರಯೋಜನವಿಲ್ಲ. ಈ ವೈರಸ್ ಜಾಸ್ತಿ ಜನರಲ್ಲಿ ಕಣ್ಣು ಹಳದಿ ಮಾಡದೆ, ವರ್ಷಗಟ್ಟಲೆ ಸದ್ದಿಲ್ಲದೆ ಲಿವರ್ ಹಾಳು ಮಾಡುತ್ತಿರುತ್ತದೆ.

ನಮ್ಮ ಸಿಸ್ಟರ್ ಒಬ್ಬರು ಪ್ರಶ್ನೆ ಬದಲಿಸಿದರು. "ಅಜ್ಜಿ, ಹಿಂದೆ ಗಾಜಿನ ಸಿರಿಂಜ್ ಕುದಿಸಿ ಸೂಜಿ ಮಾಡ್ತಿದ್ರಲ್ಲ, ನೀವೂ ಮಾಡಿಸ್ಕೊಂಡಿದ್ರಾ?" ಅಷ್ಟು ಕೇಳಿದ್ದೇ ತಡ, ಯಾವ ಡಾಕ್ಟ್ರು, ಯಾವ ಜ್ವರ, ಎಷ್ಟು ಬಾಟ್ಲಿ, ಎಲ್ಲ ಹೊರಗೆ ಬಂತು. ರಕ್ತದ ವಿಷಯವೂ ಹಾಗೇ. ನಮ್ಮ ದೇಶದಲ್ಲಿ ದಾನಿಗಳ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾಗಿದ್ದು 2001ರಲ್ಲಿ. ಇಸವಿ ಯಾರಿಗೂ ನೆನಪಿರುವುದಿಲ್ಲ. "ಯಾವ ಮಗು ಹೆರಿಗೇಲಿ ರಕ್ತ ಹಾಕಿದ್ರು?" ಎಂದರೆ ಥಟ್ಟನೆ ಹೇಳುತ್ತಾರೆ. ಮಗನ ವಯಸ್ಸು ಹಿಡಿದು ಲೆಕ್ಕ ನಾವು ಹಾಕಿಕೊಳ್ಳುತ್ತೇವೆ.

ಬಿಪಿ, ಶುಗರ್ ನೋಡುವ ದಿನ ಹೇಗೂ ಬೆರಳು ಚುಚ್ಚುತ್ತೇವೆ ಅಲ್ವಾ? ಒಪ್ಪಿಗೆ ಕೇಳಿ ಅದೇ ಬೆರಳಿನ ಇನ್ನೊಂದು ಹನಿಯನ್ನು ಕಿಟ್‌ಗೆ ಹಾಕತೊಡಗಿದೆವು. ಸುಮಾರು 20 ನಿಮಿಷ ಸಾಕು, ಮಾತ್ರೆ ಸಾಲಿನಲ್ಲಿ ನಿಂತು ಬರುವಷ್ಟು ಹೊತ್ತು. "ಎಚ್‌ಐವಿ ಟೆಸ್ಟಾ?" ಎಂದು ಕೆಲವರು ಕೈ ಹಿಂದೆ ಎಳೆದುಕೊಳ್ಳುತ್ತಾರೆ. ಅಲ್ಲ, ಇದು ಲಿವರ್‌ದು ಅಂತ ಬಿಡಿಸಿ ಹೇಳಬೇಕು.

ನಾನು ಎಡವಿದ್ದು ಗೆರೆ ಬಂದ ಮೇಲೆ. ಕಿಟ್‌ನಲ್ಲಿ ಎರಡು ಗೆರೆ, ಅಂದರೆ ಪಾಸಿಟಿವ್, ಬಂದ ಮೊದಲ ಹೆಂಗಸಿಗೆ ಚೀಟಿ ಬರೆದು, ದಾವಣಗೆರೆಗೆ ಹೋಗಿ ದೊಡ್ಡ ಟೆಸ್ಟ್ ಮಾಡಿಸಿ ಎಂದು ಕಳಿಸಿದೆ. ವೈರಸ್ ಯಾವತ್ತೋ ಮೈಯೊಳಗೆ ಬಂದಿತ್ತು ಅಂತಷ್ಟೇ ಆ ಗೆರೆ ಹೇಳುತ್ತದೆ. ಕೆಲವರಲ್ಲಿ ಅದು ತಾನಾಗೇ ಹೋಗಿರುತ್ತದೆ. ಈಗಲೂ ಇದೆಯಾ ಎನ್ನಲು ಆರ್‌ಎನ್‌ಎ ಪರೀಕ್ಷೆ ಬೇಕು. ಮೂರು ತಿಂಗಳ ಬಳಿಕ ಆಯಮ್ಮ ಶುಗರ್ ಮಾತ್ರೆಗೆ ಬಂದಾಗ ವಿಚಾರಿಸಿದೆ. ಎಲೆಅಡಿಕೆ ಚೀಲದಿಂದ ಅದೇ ಚೀಟಿ ತೆಗೆದರು. ಮಡಿಕೆಯೂ ಬಿಚ್ಚಿರಲಿಲ್ಲ.

"ಮೆಕ್ಕೆಜೋಳ ಬಿತ್ತೋ ಟೈಮು ಸಾರ್. ಒಂದಿನದ ಕೂಲಿ ಯಾರು ಕೊಡ್ತಾರೆ?"

ಅವತ್ತೇ ಅವರ ತೋಳಿನಿಂದ ರಕ್ತ ತೆಗೆದೆ. ಈಗ ಎಲ್ಲರಿಗೂ ಅದೇ ರೂಢಿ. ಎರಡು ಗೆರೆ ಬಂದರೆ ಮನೆಗೆ ಕಳಿಸುವ ಮುಂಚೆಯೇ ರಕ್ತ ತೆಗೆದು, ಪ್ಲಾಸ್ಮಾ ಬೇರೆ ಮಾಡಿ, ಟಿಬಿ ಕಫದ ಡಬ್ಬಿ ಹೋಗುವ ಗಾಡಿಯಲ್ಲೇ ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತೇವೆ. ವೈರಸ್ ಇದ್ದರೆ ಮಾತ್ರ ರೋಗಿ ಬಸ್ ಹತ್ತಬೇಕು. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ. ಲಿವರ್ ಗಟ್ಟಿಯಾಗದೆ ಇದ್ದವರಿಗೆ 12 ವಾರ. ನೂರಕ್ಕೆ 95 ಜನಕ್ಕೆ ವಾಸಿಯಾಗುವ ಕಾಯಿಲೆ ಇದು.

ಆಯಮ್ಮ ಒಂದು ದಿನವೂ ತಪ್ಪಿಸದೆ ಮಾತ್ರೆ ನುಂಗಿದರು. ಮುಗಿದು 12 ವಾರಕ್ಕೆ ಮತ್ತೆ ನೋಡಿದಾಗ ವೈರಸ್ ಇರಲಿಲ್ಲ. ಯಜಮಾನರನ್ನೂ ಕರ್ಕೊಂಡು ಬನ್ನಿ ಎಂದೆ. ನಕ್ಕುಬಿಟ್ಟರು. ಗಂಡಸರು ಶುಗರ್ ದಿನ ಈ ಕಡೆ ತಲೆ ಹಾಕುವುದಿಲ್ಲ. ಸಂತೆ ದಿನ ಸಂಜೆ ಸಂತೆ ಪಕ್ಕದಲ್ಲೇ ಮೇಜು ಹಾಕಿ ನೋಡೋಣ ಅಂತ ಡಾಕ್ಟರ್ ಹೇಳಿದ್ದಾರೆ. ಬರುವ ವಾರ ಶುರು.