ಫೋನ್ ಬಂದರೆ ಎದ್ದು ನಿಲ್ಲುವವರು

ಕಳೆದ ಶನಿವಾರ ಮಗಳಿಗೆ ಫುಟ್‌ಬಾಲ್ ಕ್ಲಬ್ಬಿನ ಜೆರ್ಸಿ ಸಿಕ್ಕಿತು. ಬೆನ್ನ ಮೇಲೆ ಇಲ್ಲಿನ ಮಾಂಸದಂಗಡಿಯ ಹೆಸರು, ಅವಳ ನಂಬರಿಗಿಂತ ದೊಡ್ಡ ಅಕ್ಷರದಲ್ಲಿ.

"ಪಪ್ಪಾ, ಇವರು ನಮ್ಮ ಸ್ಪಾನ್ಸರ್. ನಿನಗೂ ಸ್ಪಾನ್ಸರ್ ಇದ್ದರಲ್ಲ, ಅವರ ಹೆಸರು ನಿನ್ನ ಅಂಗಿ ಮೇಲೆ ಯಾಕಿರಲಿಲ್ಲ?"

ಹೆಂಡತಿ ನಕ್ಕಳು. ನಾನೂ ನಕ್ಕೆ. ಮಗಳು ಬಿಡಲಿಲ್ಲ. "ನಮ್ಮ ಸ್ಪಾನ್ಸರ್ ಬಂದ್ರೆ ನಮಗೆಲ್ಲ ಸಾಸೇಜ್ ಕೊಡ್ತಾರೆ. ನಿನ್ನ ಸ್ಪಾನ್ಸರ್ ಫೋನ್ ಮಾಡಿದ್ರೆ ನೀನು ಊಟ ಬಿಟ್ಟು ಎದ್ದು ನಿಲ್ತಿದ್ದೆ."

ಎದ್ದು ನಿಲ್ಲುತ್ತಿದ್ದೆನಾ? ಹೆಂಡತಿಯ ಮುಖ ನೋಡಿದೆ. ಅವಳು ಸುಮ್ನೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಾನು ಮಲ್ಪೆಯವನು. ಮಣಿಪಾಲದಲ್ಲಿ ಅಡುಗೆ ಕೆಲಸ ಕಲಿತು 2023ರ ಕೊನೆಗೆ ಆಸ್ಟ್ರೇಲಿಯಾದ ಬೆಂಡಿಗೋಗೆ ಬಂದೆ. ವೀಸಾದ ನಂಬರು 482. ಇಲ್ಲಿನ ಮಾಲೀಕರೊಬ್ಬರು ಕರೆಸಿಕೊಂಡರೆ ಮಾತ್ರ ಸಿಗುವಂಥದ್ದು. ಹಾಗೆ ಕರೆಸಿಕೊಂಡ ಮಾಲೀಕನೇ ಸ್ಪಾನ್ಸರ್. ಹೆಂಡತಿ, ಮಗಳ ವೀಸಾ ನನ್ನದಕ್ಕೆ ಜೋತುಬಿದ್ದಿತ್ತು. ಸಂಬಳ ವರ್ಷಕ್ಕೆ 70,000 ಡಾಲರಿಗಿಂತ ಕಡಿಮೆ ಇರಬಾರದು ಎಂದು ಆಗಿನ ಕಾನೂನು. ಬ್ಯಾಂಕಿಗೆ ಸರಿಯಾಗಿಯೇ ಬೀಳುತ್ತಿತ್ತು. ಆದರೆ ಪ್ರತಿ ಶುಕ್ರವಾರ ಅದರಲ್ಲಿ 150 ಡಾಲರ್ ತೆಗೆದು ಮಾಲೀಕನ ಕೈಗೆ ಕೊಡಬೇಕಿತ್ತು. ನನ್ನನ್ನು ಕರೆಸಲು ಅವನು ಸರ್ಕಾರಕ್ಕೆ ಕಟ್ಟಿದ ತರಬೇತಿ ಶುಲ್ಕವಂತೆ. ಸಣ್ಣ ವ್ಯಾಪಾರದವರಿಗೆ ಆ ಶುಲ್ಕ ವರ್ಷಕ್ಕೆ 1,200 ಡಾಲರ್. ನಾಲ್ಕು ವರ್ಷದ್ದು ಸೇರಿಸಿದರೂ 4,800. ನಾನು ಕೊಟ್ಟದ್ದು 33 ವಾರ. ನೀವೇ ಗುಣಿಸಿ ನೋಡಿ. ಆ ಶುಲ್ಕವನ್ನು ಕೆಲಸದವನಿಂದ ಒಂದು ಪೈಸೆಯೂ ವಸೂಲು ಮಾಡುವಂತಿಲ್ಲ ಎಂದು ಗೊತ್ತಾಗುವಾಗ ಅಷ್ಟೂ ಕೈಬಿಟ್ಟು ಹೋಗಿತ್ತು.

ಏನಾದರೂ ಕೇಳಿದರೆ ಒಂದೇ ಉತ್ತರ. "ವೀಸಾ ಕ್ಯಾನ್ಸಲ್ ಮಾಡಿಸ್ಲಾ?" ಆಗ ಕೆಲಸ ಬಿಟ್ಟವನಿಗೆ 60 ದಿನ ಇತ್ತು. ಅಷ್ಟರೊಳಗೆ ಇನ್ನೊಬ್ಬ ಮಾಲೀಕ ಸಿಗಬೇಕು, ಇಲ್ಲದಿದ್ದರೆ ದೇಶ ಬಿಡಬೇಕು. ನಮ್ಮಲ್ಲಿ ಮಳೆಗಾಲಕ್ಕೆ ಬೋಟು ಕಟ್ಟಿಹಾಕುವುದೇ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ. ಬೋಟಿಗೆ ಸಿಗುವ ರಜೆಗಿಂತ ಒಂದು ದಿನ ಕಡಿಮೆ!

2024ರ ಜುಲೈ 1ರಿಂದ ಅದು ಬದಲಾಯಿತು. ನನಗೆ ಹೇಳಿದ್ದು ಪಾತ್ರೆ ತೊಳೆಯುತ್ತಿದ್ದ ನೇಪಾಳಿ ಹುಡುಗ. ಅವನ ಫೋನಿನಲ್ಲಿ ಎಲ್ಲ ಇತ್ತು. 60ರ ಬದಲು ಒಂದು ಸಲಕ್ಕೆ 180 ದಿನ, ವೀಸಾದ ಅವಧಿಯಲ್ಲಿ ಒಟ್ಟು 365 ದಿನ. ಆ ದಿನಗಳಲ್ಲಿ ಬೇರೆಯವರ ಹತ್ತಿರ, ಬೇರೆ ಕೆಲಸವನ್ನೂ ಮಾಡಬಹುದು. ವೀಸಾದ ಹೆಸರು ಹೇಳಿ ಹೆದರಿಸಿ ದುಡಿಸಿದರೆ ಅದೇ ಅಪರಾಧ, ಎರಡು ವರ್ಷದವರೆಗೆ ಜೈಲು. "ದಾಯಿ (ಅಣ್ಣ), ಓದಿ ನೋಡಿ" ಎಂದು ಸೋಪಿನ ಕೈಯಲ್ಲೇ ಫೋನ್ ಕೊಟ್ಟ.

ಆಗಸ್ಟಿನಲ್ಲಿ ಕೆಲಸ ಬಿಟ್ಟೆ. ರಾತ್ರಿ ಪಾಳಿಯಲ್ಲಿ ಬ್ರೆಡ್ ಪ್ಯಾಕ್ ಮಾಡಿದೆ. 78ನೇ ದಿನ ಹೊಸ ಹೋಟೆಲಿನವರ ಅರ್ಜಿ ಪಾಸಾಯಿತು. ಹಳೆಯ ಲೆಕ್ಕದಲ್ಲಾದರೆ 18 ದಿನ ಮೊದಲೇ ಮಲ್ಪೆಯಲ್ಲಿರುತ್ತಿದ್ದೆ. ದೂರು ಕೊಟ್ಟೆಯಾ ಅಂತ ಕೇಳಬೇಡಿ. ಫಾರ್ಮ್ ಅರ್ಧ ತುಂಬಿಸಿ ಇಟ್ಟಿದ್ದೇನೆ.

ಮಗಳ ಮಾತು ಮಾತ್ರ ಇಡೀ ವಾರ ಹೋಗಲಿಲ್ಲ. ಯಾಕೆಂದರೆ ಹಾಗೆ ಎದ್ದು ನಿಲ್ಲುವವರನ್ನು ನಾನು ಮೊದಲೂ ನೋಡಿದ್ದೆ.

ನನ್ನ ಸೋದರಮಾವ ಸೌದಿಯ ದಮ್ಮಾಮಿನಲ್ಲಿ ಹೌಸ್ ಡ್ರೈವರ್ ಆಗಿದ್ದರು. ಎರಡು ವರ್ಷಕ್ಕೊಮ್ಮೆ ಬರುವಾಗ ನಮಗೆಲ್ಲ ಹಬ್ಬ. ಟ್ಯಾಂಗ್, ಸೆಂಟು, ನಿಡೋ ಡಬ್ಬ. ಜಗಲಿಯಲ್ಲಿ ಲುಂಗಿ ಮಡಚಿ ಕಟ್ಟಿಕೊಂಡು ರಾಜನ ಹಾಗೆ ಕೂರುತ್ತಿದ್ದರು. ಆದರೆ ಲ್ಯಾಂಡ್‌ಲೈನಿಗೆ ಕಫೀಲನ, ಅಂದರೆ ಅಲ್ಲಿ ಅವರನ್ನು ಕರೆಸಿಕೊಂಡ ಮಾಲೀಕನ, ಫೋನ್ ಬಂತೋ, ಎದ್ದು ನಿಂತು ಲುಂಗಿ ಕೆಳಗಿಳಿಸಿಯೇ ಮಾತಾಡುತ್ತಿದ್ದರು. ಅಷ್ಟು ದೂರದಿಂದ ಅವನಿಗೆ ಇವರ ಮೊಣಕಾಲು ಕಾಣುತ್ತದೆಯಾ ಎಂದು ನಾವು ಮಕ್ಕಳು ನಗುತ್ತಿದ್ದೆವು.

ಅಜ್ಜಿ ತೀರಿಕೊಂಡಾಗ ಕಫೀಲ ಕುಟುಂಬದ ಜೊತೆ ಕೈರೋದಲ್ಲಿದ್ದ. ಮಾವನ ಪಾಸ್‌ಪೋರ್ಟ್ ಅವನ ಕಪಾಟಿನಲ್ಲಿ. ಊರಿಗೆ ಹೋಗಿಬರುವ ಪರವಾನಗಿಗೂ (ಎಕ್ಸಿಟ್ ರೀ-ಎಂಟ್ರಿ) ಅವನೇ ಹೂಂ ಅನ್ನಬೇಕು. ಮಾವ ಮನೆಗೆ ಮುಟ್ಟಿದ್ದು 19ನೇ ದಿನ. ಬೊಜ್ಜವೂ (ಉತ್ತರಕ್ರಿಯೆ) ಮುಗಿದು, ಹಾಕಿದ್ದ ಚಪ್ಪರವನ್ನೂ ಬಿಚ್ಚಿ ಆಗಿತ್ತು. 2021ರ ಮಾರ್ಚ್ 14ರಿಂದ ಸೌದಿಯಲ್ಲಿ ಮಾಲೀಕನನ್ನು ಕೇಳದೆಯೂ ಊರಿಗೆ ಹೋಗಿಬರಬಹುದು ಎಂದು ಸುದ್ದಿ ಬಂದಾಗ ನಾನೇ ಖುಷಿಯಿಂದ ಅವರಿಗೆ ಹೇಳಿದ್ದೆ. "ಮನೆಕೆಲಸದವರಿಗೆ, ಹೌಸ್ ಡ್ರೈವರಿಗೆ ಅದು ಇಲ್ಲ ಮಾರಾಯ. ನಾನು ಈಗ ಇದ್ದಿದ್ರೂ ಅಷ್ಟೇ" ಅಂದಿದ್ದರು.

ಈಗ ಅವರಿಗೆ ಮಲ್ಪೆಯಲ್ಲಿ ಒಂದು ಟ್ರಾಲ್ ಬೋಟಿನಲ್ಲಿ ಪಾಲು ಉಂಟು. ಭಾನುವಾರ ವಿಡಿಯೋ ಕಾಲ್ ಮಾಡಿದೆ. ಬೋಟು ಕಟ್ಟುವ ದಕ್ಕೆಯಲ್ಲಿದ್ದರು. ಆಗಸ್ಟ್ 1 ಹತ್ತಿರ ಬಂತಲ್ಲ, ಹಿಂದೆ ಬಲೆ ರಿಪೇರಿ ನಡೆಯುತ್ತಿತ್ತು. ಜಾರ್ಖಂಡ್, ಒಡಿಶಾದ ಹುಡುಗರು ಬಂದಿಳಿದಿದ್ದರು. ಮಗಳ ಮಾತು ಹೇಳಿದೆ. ಮಾವ ಬೋಟು ಅಲ್ಲಾಡುವ ಹಾಗೆ ನಕ್ಕರು. "ನಾನು ಲುಂಗಿಯನ್ನೂ ಇಳಿಸ್ತಿದ್ದೆ ಅಲ್ವಾ!" 180 ದಿನದ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡರು. ಒಳ್ಳೆಯ ದೇಶ ಅಂದರು. (ನಾವು ಮಾತಾಡುವುದು ತುಳುವಿನಲ್ಲಿ. ಕನ್ನಡಕ್ಕೆ ತರುವಾಗ ಅವರ ನಗು ಅರ್ಧ ಉಳಿಯುತ್ತದೆ.)

ಆಮೇಲೆ ಬೋಟಿನ ಮಾತು ಬಂತು. ಒಡಿಶಾದ ಒಬ್ಬನಿಗೆ ಬೇರೆ ಬೋಟಿಗೆ ಹೋಗಬೇಕಂತೆ.

"ಇಪ್ಪತ್ತು ಸಾವಿರ ಅಡ್ವಾನ್ಸ್ ತಗೊಂಡಿದ್ದಾನೆ. ಎಲ್ಲಿಗೆ ಹೋಗ್ತಾನೆ? ಆಧಾರ್ ಕಾರ್ಡ್ ನನ್ನ ಹತ್ರ ಉಂಟು."

"ಆಧಾರ್ ಯಾಕೆ ಮಾವ ನಿಮ್ಮ ಹತ್ರ?"

"ಬೋಟಲ್ಲಿ ನೀರಿಗೆ ಬಿದ್ರೆ? ಕಳೆದುಹೋಗ್ತದೆ ಅಂತ ಇಟ್ಟದ್ದು."

ಕಫೀಲನೂ ಇದನ್ನೇ ಹೇಳುತ್ತಿದ್ದ. ನೀನು ಕಳೆದುಹಾಕುತ್ತೀ, ನನ್ನ ಕಪಾಟಿನಲ್ಲಿ ಭದ್ರವಾಗಿರುತ್ತದೆ ಎಂದು. ಅವನ ಹರಕು ಹಿಂದಿಯನ್ನು ಮಾವನೇ ಜಗಲಿಯಲ್ಲಿ ಅಣಕಿಸಿ ತೋರಿಸಿ ನಮ್ಮನ್ನು ನಗಿಸುತ್ತಿದ್ದರು. ಅವರಿಗೆ ಅದು ನೆನಪಾಯಿತೋ ಇಲ್ಲವೋ. ಮಾವನ ಕಷ್ಟವೂ ಸುಳ್ಳಲ್ಲ. ಹೋದ ವರ್ಷ ಇಬ್ಬರು ಅಡ್ವಾನ್ಸ್ ತೆಗೆದುಕೊಂಡು ರೈಲು ಹತ್ತಿದರು. ಬೋಟಿನ ಮೇಲೆ ಸೊಸೈಟಿ ಸಾಲ ಉಂಟು. ಆದರೂ ಮುಂಗಡಕ್ಕೆ ಆಳನ್ನು ಕಟ್ಟಿಹಾಕಿದರೆ ಅದಕ್ಕೆ ನಮ್ಮಲ್ಲೇ ಒಂದು ಹೆಸರಿದೆ. ಅದನ್ನು ನಿಷೇಧಿಸಿದ ಕಾನೂನು 1976ರದ್ದು, ನಾನು ಹುಟ್ಟುವುದಕ್ಕೂ ಮೊದಲಿನದ್ದು. ಆ ಶಬ್ದ ಬಾಯಿಯವರೆಗೂ ಬಂತು. ಅವರು ತಂದ ಟ್ಯಾಂಗ್ ಕುಡಿದು ಬೆಳೆದ ಬಾಯಿ, ಹೇಳಲಿಲ್ಲ.

ಮಗಳು ನನ್ನ ಹೆಗಲ ಮೇಲಿಂದ ಇಣುಕಿದಳು. ಜೆರ್ಸಿಯನ್ನು ಇನ್ನೂ ಬಿಚ್ಚಿರಲಿಲ್ಲ.

"ಅಜ್ಜಾ, ಎಲ್ಲರೂ ಕೂತಿದ್ದಾರೆ. ಆ ಅಣ್ಣ ಯಾಕೆ ನಿಂತಿದ್ದಾನೆ?"

ಮಾವ ತಿರುಗಿ ನೋಡಿದರು. ಬಲೆಯ ರಾಶಿಯ ಪಕ್ಕ ತೆಳ್ಳಗಿನ ಒಬ್ಬ ಹುಡುಗ ಕೈಕಟ್ಟಿ ನಿಂತಿದ್ದ. ತನ್ನದೇ ಮಾತು ನಡೆಯುತ್ತಿದೆ ಎಂದು ಅವನಿಗೆ ಗೊತ್ತಾಗಿತ್ತೋ ಏನೋ. "ಆಧಾರ್" ಅನ್ನುವುದು ಎಲ್ಲ ಭಾಷೆಯಲ್ಲೂ ಒಂದೇ ಅಲ್ವಾ.

"ಬೈಠೋ, ಬೈಠೋ" ಅಂದರು ಮಾವ.

ಅವನು ಕೂರಲಿಲ್ಲ.