ಸ್ಪೇನಿನ ಗ್ರನಾಡಾಕ್ಕೆ ಓದಲು ಹೋಗುವವರಿಗೆ: ಎಲ್ಲಿ ಊಟ ಮಾಡಬೇಕು, ಎಲ್ಲಿ ಕೂರಲೇಬಾರದು

ಬಾಗಿಲಲ್ಲಿ ಪಾಯೆಯಾ (ಅಗಲ ಬಾಣಲೆಯಲ್ಲಿ ಬೇಯಿಸುವ ಅನ್ನದ ಅಡುಗೆ) ಫೋಟೋ ಇರುವ ದೊಡ್ಡ ಬೋರ್ಡ್ ನಿಲ್ಲಿಸಿದ್ದರೆ ಆ ಹೋಟೆಲಿಗೆ ಕಾಲಿಡಬೇಡಿ. ಮಾಸ್ಟರ್ಸ್ ಮಾಡಲು ಗ್ರನಾಡಾಕ್ಕೆ ಹೋದ ಹೊಸತರಲ್ಲಿ ಕ್ಯಾಥೆಡ್ರಲ್ ಹತ್ತಿರ ಇಂಥ ಒಂದು ಕಡೆ ತರಕಾರಿ ಪಾಯೆಯಾ ಹೇಳಿದೆ. ಹತ್ತೇ ನಿಮಿಷಕ್ಕೆ ತಟ್ಟೆ ಬಂತು. ಅನ್ನ ಮುದ್ದೆ, ಬಣ್ಣ ಕಣ್ಣಿಗೆ ಹೊಡೆಯುವ ಹಳದಿ. ಬಿಲ್ಲಿನಲ್ಲಿ ನಾನು ಕೇಳದ ಬ್ರೆಡ್ಡಿಗೆ ಬೇರೆ ದುಡ್ಡು, ಹೊರಗಿನ ಟೇಬಲ್ಲಿನಲ್ಲಿ ಕೂತಿದ್ದಕ್ಕೆ ಬೇರೆ ದುಡ್ಡು. ಎರಡೂ ಮೆನುವಿನಲ್ಲಿ ಇರಲಿಲ್ಲ. 'ಓಹಾ ದೆ ರೆಕ್ಲಮಾಸಿಯೋನೆಸ್' ಕೊಡಿ ಅಂದೆ. ದೂರು ಬರೆಯುವ ಫಾರಂ ಅದು, ಎಲ್ಲ ಹೋಟೆಲಲ್ಲೂ ಇರಲೇಬೇಕು. ಕೇಳಿದ ತಕ್ಷಣ ಎರಡೂ ದುಡ್ಡು ಬಿಟ್ಟರು. ಆ ಒಂದು ಮಾತು ಬಾಯಿಪಾಠ ಮಾಡಿಕೊಳ್ಳಿ.

ಒಳ್ಳೆ ಪಾಯೆಯಾ ಬೇಕಾದರೆ ವಲೆನ್ಸಿಯಾಕ್ಕೇ ಹೋಗಿ. ಅಲ್ಲಿ ಅದು ಮಧ್ಯಾಹ್ನದ ಊಟ. ಕನಿಷ್ಠ ಇಬ್ಬರಿಗೆ ಹೇಳಬೇಕು, ಅರ್ಧ ಗಂಟೆಗಿಂತ ಜಾಸ್ತಿ ಕಾಯಬೇಕು. ಅಗಲ ಬಾಣಲೆಯ ತಳದಲ್ಲಿ ಹತ್ತಿಕೊಂಡ ಗರಿಗರಿ ಅನ್ನಕ್ಕೆ ಅವರೇ ಜಗಳ ಆಡುತ್ತಾರೆ. ಮಾಂಸ ತಿನ್ನದವರು ಮಾತ್ರ ಅನ್ನ ಯಾವ ಸಾರಿನಲ್ಲಿ ಬೇಯಿಸಿದ್ದು ಅಂತ ಕೇಳಿಯೇ ಆರ್ಡರ್ ಮಾಡಿ. ಮೇಲೆ ತರಕಾರಿ ಇದ್ದರೂ ಒಳಗೆ ಕೋಳಿ ಸಾರು ಇರಬಹುದು.

ಗ್ರನಾಡಾದಲ್ಲಿ ನಮ್ಮ ಹೊಟ್ಟೆ ತುಂಬಿಸಿದ್ದು 'ಮೆನು ದೆಲ್ ದಿಯಾ'. 1960ರ ದಶಕದಲ್ಲಿ ಸರ್ಕಾರ ತಂದ ನಿಯಮದಿಂದ ಬೆಳೆದ ಪದ್ಧತಿ ಇದು. ಒಂದೇ ಬೆಲೆಗೆ ಮೊದಲು ಒಂದು ಪದಾರ್ಥ, ಆಮೇಲೆ ಮುಖ್ಯ ಊಟ, ಬ್ರೆಡ್, ಕುಡಿಯಲು ಏನಾದರೂ, ಕೊನೆಗೆ ಸಿಹಿ ಅಥವಾ ಕಾಫಿ. ಹೆಚ್ಚಾಗಿ ವಾರದ ದಿನಗಳಲ್ಲಿ ಮಧ್ಯಾಹ್ನ ಸಿಗುತ್ತದೆ. ಎರಡು ಗಂಟೆಗೆ ಹೋಗಿ. ನಾಲ್ಕರ ಹೊತ್ತಿಗೆ ಅಡುಗೆಮನೆ ಮುಚ್ಚಿದರೆ ರಾತ್ರಿ ಎಂಟು ಎಂಟೂವರೆವರೆಗೆ ಬಿಸಿ ಊಟ ಸಿಗುವುದೇ ಕಷ್ಟ.

ಸಾಯಿದಿನ್ ಬಡಾವಣೆಯಲ್ಲಿ ಒಂದು ಸಣ್ಣ ಬಾರ್ ಇದೆ. ಬೋರ್ಡ್ ಕೂಡ ಮಾಸಿಹೋಗಿದೆ. ಕೆಲಸಕ್ಕೆ ಹೋಗುವವರು, ವಯಸ್ಸಾದವರು, ಟಿವಿ ಸದ್ದು. ಅಲ್ಲಿ ಬದನೆಕಾಯಿಯನ್ನು ಬೆರಳುದ್ದದ ತುಂಡು ಮಾಡಿ, ಹಾಲಿನಲ್ಲಿ ನೆನೆಸಿ, ಹಿಟ್ಟಿನಲ್ಲಿ ಹೊರಳಿಸಿ ಆಲಿವ್ ಎಣ್ಣೆಯಲ್ಲಿ ಕರಿಯುತ್ತಾರೆ. ಮೇಲೆ ಕಬ್ಬಿನ ರಸ ಕಾಯಿಸಿ ಇಳಿಸಿದ ಕಪ್ಪು ಪಾಕ ಸುರಿಯುತ್ತಾರೆ. ನಮ್ಮ ಜೋನಿ ಬೆಲ್ಲವೇ, ಸ್ವಲ್ಪ ಕಹಿ ಜಾಸ್ತಿ ಅಷ್ಟೇ. ಅರಬ್ಬರು ತಂದ ಕಬ್ಬು ಪಕ್ಕದ ಮೋತ್ರಿಲ್ ಕರಾವಳಿಯಲ್ಲಿ ನೂರಾರು ವರ್ಷ ಬೆಳೆಯಿತು. ಹೊರಗೆ ಕರುಮ್ ಕುರುಮ್, ಒಳಗೆ ಬೆಣ್ಣೆ. ಬಂದ ತಕ್ಷಣ ತಿನ್ನಿ, ಐದು ನಿಮಿಷ ಬಿಟ್ಟರೆ ಮೆತ್ತಗಾಗುತ್ತದೆ. ತಟ್ಟೆಯಲ್ಲಿ ಉಳಿದ ಪಾಕವನ್ನು ಬ್ರೆಡ್ಡಿನಲ್ಲಿ ಒರೆಸಿ ತಿಂದರೆ ಅಲ್ಲಿನವರಿಗೆ ಖುಷಿ. ಕಡಲೆ ಮತ್ತು ಪಾಲಕ್ ಸೇರಿಸಿ ಜೀರಿಗೆ ಹಾಕಿದ ಪಲ್ಯವೂ ಅಲ್ಲಿ ಸಿಗುತ್ತದೆ. ಮನೆ ನೆನಪಾದ ದಿನ ಅದನ್ನೇ ಹೇಳಿ.

ಸಂಜೆ ಪ್ಲಾಸಾ ದೆ ತೋರೋಸ್ ಅನ್ನುವ ಗೂಳಿಕಾಳಗದ ಅಖಾಡದ ಸುತ್ತ ಹೋಗಿ. ಒಂದು ಡ್ರಿಂಕ್ ತಗೊಂಡರೆ ತಾಪಾ, ಅಂದರೆ ಸಣ್ಣ ತಟ್ಟೆ ತಿಂಡಿ, ಪುಕ್ಕಟೆ; ಬಿಯರ್ ಕುಡಿಯದೆ ಬರೀ ಜ್ಯೂಸ್ ಕುಡಿದರೂ ಕೊಡುತ್ತಾರೆ. ಶುಕ್ರವಾರ ಭುಜಕ್ಕೆ ಭುಜ ತಾಗಿಸಿ ನಿಂತೇ ತಿನ್ನಬೇಕು. ನನಗೆ ಆ ಗದ್ದಲ ಇಷ್ಟ. ಕೂತು ಮಾತಾಡಬೇಕು ಅನ್ನುವವರು ಎಂಟು ಗಂಟೆಗೇ ಹೋಗಿ ಜಾಗ ಹಿಡಿಯಿರಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಬರೀ ಮಾಂಸ ಬೇಡ ಅಂದರೆ ಸಾಲದು, ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ) ಬೇಡ, ಟ್ಯೂನಾ ಮೀನು ಬೇಡ ಅಂತ ಬಿಡಿಬಿಡಿಯಾಗಿ ಹೇಳಿ. ಸಲಾಡ್ ಹೇಳಿದರೂ ಮೇಲೆ ಟ್ಯೂನಾ ಉದುರಿಸಿಯೇ ತರುತ್ತಾರೆ. ಸಾಲ್ಮೊರೆಹೋ ಅನ್ನೋ ತಣ್ಣನೆ ಟೊಮ್ಯಾಟೊ ಸೂಪಿನ ಮೇಲೆ ಹಾಮೋನ್ ಚೂರು ಇದ್ದೇ ಇರುತ್ತದೆ. ಮೊಟ್ಟೆ ತಿನ್ನುವವರಿಗೆ ತೋರ್ತಿಯಾ ಅನ್ನೋ ಆಲೂಗಡ್ಡೆ ಆಮ್ಲೆಟ್ ಇದೆ, ಚಿಂತೆಯಿಲ್ಲ.

ನೀರಿನ ಬಾಟಲ್ ಕೊಳ್ಳಬೇಡಿ. 2022ರ ಕಾನೂನಿನಂತೆ ಹೋಟೆಲಿನವರು ನಲ್ಲಿ ನೀರನ್ನು ಪುಕ್ಕಟೆ ಕೊಡಬೇಕು. ಸಿಯೆರಾ ನೆವಾಡಾ ಬೆಟ್ಟಗಳ ಕಡೆಯಿಂದ ಬರುವ ಆ ನೀರು ಚೆನ್ನಾಗಿದೆ. ಆಗಸ್ಟಿನಲ್ಲಿ ಮಾತ್ರ ಹೋಗಬೇಡಿ, ಬಡಾವಣೆಯ ಒಳ್ಳೊಳ್ಳೆ ಬಾರ್‌ಗಳು ರಜಾ ಅಂತ ಬಾಗಿಲು ಹಾಕಿರುತ್ತವೆ.