ಇಲ್ಲ, ನಮ್ಮ ಕಡಲು ಮಾಲ್ಡೀವ್ಸ್ ತರ ನೀಲಿ ಆಗುವುದಿಲ್ಲ

ಮಂಗಳೂರಿನಲ್ಲಿ ಆರು ವರ್ಷ ನಾನು ಮಾಡಿದ ಕೆಲಸ ಸಸ್ಯಪ್ಲವಕ ಎಣಿಸುವುದು. ಸಸ್ಯಪ್ಲವಕ ಅಂದರೆ ಕಡಲ ನೀರಿನಲ್ಲಿ ತೇಲುತ್ತಾ, ಗಿಡಗಳ ಹಾಗೆ ಬಿಸಿಲಿನಿಂದಲೇ ಅನ್ನ ಮಾಡಿಕೊಳ್ಳುವ ಜೀವಿಗಳು. ಮೈಕ್ರೋಸ್ಕೋಪ್ ಇಲ್ಲದೆ ಕಾಣುವುದಿಲ್ಲ. ಇದು ಗೊತ್ತಾದ ತಕ್ಷಣ ಜನ ಕೇಳುವುದು ಒಂದೇ: "ಹಾಗಾದ್ರೆ ನಮ್ಮ ಸಮುದ್ರ ಯಾಕೆ ಮಾಲ್ಡೀವ್ಸ್ ತರ ನೀಲಿ ಇಲ್ಲ?" ಮದುವೆ ಮನೆಯಲ್ಲಿ ಕೇಳಿದ್ದಾರೆ, ಬಸ್ಸಿನಲ್ಲಿ ಕೇಳಿದ್ದಾರೆ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದಾಗಲೂ ಕೇಳಿದ್ದಾರೆ. ಎಂತ ಹೇಳುವುದು ಆಗ?

ನೀಲಿ ಅಂದರೆ ಖಾಲಿ ಮಾರಾಯ್ರೆ. ನೀರಿನಲ್ಲಿ ಏನೂ ಇಲ್ಲದಿದ್ದರೆ ಅದು ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಚದುರಿಸುತ್ತದೆ. ಮಾಲ್ಡೀವ್ಸಿನಲ್ಲಿ ಒಂದೇ ಒಂದು ನದಿ ಇಲ್ಲ. ಮರಳು ಅಂದರೆ ಹವಳದ ಬಿಳಿ ಪುಡಿ. ನಮ್ಮಲ್ಲಿ ನೇತ್ರಾವತಿ, ಫಲ್ಗುಣಿ, ಸ್ವರ್ಣಾ, ಸೀತಾ ಎಲ್ಲ ಘಟ್ಟದ ಮಣ್ಣು ತೊಳೆದುಕೊಂಡು ಬಂದು ಕಡಲಿಗೆ ಸುರಿಯುತ್ತವೆ. ಆ ಗೊಬ್ಬರ ತಿಂದು ಪ್ಲವಕ ಬೆಳೆಯುತ್ತದೆ. ಅದರ ಹರಿತ್ತು ನೀಲಿಯನ್ನೂ ಕೆಂಪನ್ನೂ ಹೀರಿ ಹಸಿರನ್ನು ನಮಗೆ ಬಿಡುತ್ತದೆ. ಇಷ್ಟೇ ಉತ್ತರ.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದರ ಬಾಲಕ್ಕೆ. "ಗಲೀಜು ಅಲ್ವಾ?" ಅಂತ ಸೇರಿಸುತ್ತಾರಲ್ಲ, ಅದಕ್ಕೆ. ಗಲೀಜು ಇಲ್ಲ ಅಂತ ನಾನೇನೂ ಹೇಳುತ್ತಿಲ್ಲ. ಚರಂಡಿ ನೀರೂ ಹೋಗುತ್ತದೆ, ಅದೂ ಕೆಲವು ಪ್ಲವಕಕ್ಕೆ ಗೊಬ್ಬರವೇ. ಆದರೆ ಇಲ್ಲಿ ಊರು ಹುಟ್ಟುವ ಮೊದಲೂ ಈ ಕಡಲು ಹಸಿರಾಗಿಯೇ ಇತ್ತು.

ಹೋದ ನವೆಂಬರಿನಲ್ಲಿ ಕಾಪುವಿನಲ್ಲಿ ಚಿಕ್ಕಮ್ಮನ ಮಗಳ ನಿಶ್ಚಿತಾರ್ಥ. ಹುಡುಗನ ಸೋದರಮಾವ ಬೆಂಗಳೂರಿನವರು, ಆಗಷ್ಟೇ ಮಾಲ್ಡೀವ್ಸ್ ನೋಡಿ ಬಂದಿದ್ದರು. ಮರುದಿನ ಮಲ್ಪೆ ತೋರಿಸಿದೆವು. ಮಧ್ಯಾಹ್ನ ಚಿಕ್ಕಮ್ಮನ ಮನೆಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಪುಳಿಮುಂಚಿ. ಒಂದು ಕೈಯಲ್ಲಿ ಫೋನು ಹಿಡಿದು ಫೋಟೋ ತೋರಿಸುತ್ತಾ, ಇನ್ನೊಂದು ಕೈಯಲ್ಲಿ ಬೂತಾಯಿಯ ಮುಳ್ಳು ಬಿಡಿಸುತ್ತಾ ಹೇಳಿದರು, "ನೋಡಮ್ಮಾ, ನೀರು ಅಂದ್ರೆ ಇದು. ನಿಮ್ಮದು ಪಾಚಿ ನೀರು." ಹೇಳಿ ಮೂರನೇ ಸಲ ಬಡಿಸಿಕೊಂಡರು.

ಸುಮ್ನೆ ಇರಬೇಕಿತ್ತು. ಇರಲಿಲ್ಲ. "ಮಾವ, ನೀವು ತಿಂತಾ ಇರೋದೂ ಅದೇ ಪಾಚಿನೇ" ಅಂದೆ.

ಅದು ನಿಜ ಕೂಡ. ಬೂತಾಯಿಯ ಅನ್ನವೇ ಪ್ಲವಕ. ಬೆಳಿಗ್ಗೆ ಚಿಕ್ಕಮ್ಮ ಬೂತಾಯಿ ಸೀಳಿ ಕರುಳು ಬೆಕ್ಕಿಗೆ ಎಸೆಯುತ್ತಿದ್ದಾಗ ನಾನು ಪಕ್ಕದಲ್ಲೇ ಇದ್ದೆ. ಬೆರಳಿಗೆ ಹತ್ತಿದ್ದು ಹಸಿರು ಬೆರೆತ ಕಂದು ಅಂಟು. ಅದನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ, ಪ್ಲವಕದಲ್ಲೇ ಒಂದು ಬಗೆಯಾದ ಡಯಾಟಮ್‌ಗಳ ಚಿಪ್ಪು ಕಾಣುತ್ತದೆ. ಕೆಲವು ಮಾತ್ರೆ ಡಬ್ಬಿಯಂತೆ ದುಂಡಗೆ, ಕೆಲವು ಸರಪಳಿ ಕಟ್ಟಿಕೊಂಡು. ಎಲ್ಲ ಗಾಜಿನದೇ ಮೈ. ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಜಾಸ್ತಿ ಕಂಡರೆ ಬೂತಾಯಿಯೂ ಜಾಸ್ತಿ ಅಂತ ನಮ್ಮ ದೇಶದ ವಿಜ್ಞಾನಿಗಳು 1955ರಲ್ಲೇ ಬರೆದಿದ್ದಾರೆ.

ನನಗೆ ಯಾರಾದರೂ ಕೇಳಲಿ ಅಂತ ಆಸೆ ಇರುವ ಪ್ರಶ್ನೆ ಬೇರೆಯೇ ಇದೆ. "ಈಗ ನೀರಿನಲ್ಲಿ ಯಾರಿದ್ದಾರೆ?" ಯಾಕೆಂದರೆ ಹಸಿರು ಹಸಿರೇ ಆದರೂ ಒಳಗಿನ ಜನ ಬದಲಾಗುತ್ತಲೇ ಇರುತ್ತಾರೆ.

ಮಳೆಗಾಲದಲ್ಲಿ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ದೂಡುತ್ತದೆ. ಆ ಜಾಗಕ್ಕೆ ಅಡಿಯಿಂದ ತಣ್ಣಗಿನ, ಗೊಬ್ಬರ ತುಂಬಿದ ನೀರು ಏರಿ ಬರುತ್ತದೆ. ನದಿಗಳು ಸಿಲಿಕ ತರುತ್ತವೆ. ಡಯಾಟಮ್‌ಗೆ ಗಾಜಿನ ಮನೆ ಕಟ್ಟಲು ಬೇಕಾದ್ದು ಅದೇ. ಆದರೆ ಗಾಜು ಭಾರ. ನೀರು ಸುಮ್ಮನಿದ್ದರೆ ಡಯಾಟಮ್ ಮುಳುಗುತ್ತದೆ, ಕಡಲು ಕಲಕುತ್ತಿದ್ದರೆ ಬೆಳಕಿನಲ್ಲೇ ಉಳಿಯುತ್ತದೆ. ನಾಡದೋಣಿಯವರು ಜೂನಿನಲ್ಲಿ "ತೂಫಾನ್ ಆಗಬೇಕು, ಆಮೇಲೆ ಮೀನು" ಅಂತ ಕಾಯುತ್ತಾರಲ್ಲ, ನಾನು ಆರು ವರ್ಷ ಓದಿದ್ದನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿದ್ದಾರೆ. ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರ ವರೆಗೆ, ಆ 61 ದಿನ, ದಡದಲ್ಲೇ ಇರುತ್ತವೆ. ಕಡಲ ಒಳಗೆ ಮಾತ್ರ ಭರ್ತಿ ಊಟ.

ಮಳೆ ನಿಂತು ನೀರು ಶಾಂತವಾದರೆ ಇನ್ನೊಂದು ಬಗೆಯ ಪ್ಲವಕವಾದ ಡೈನೋಫ್ಲಾಜೆಲೇಟ್‌ಗಳಿಗೆ ಅನುಕೂಲ. ಅವಕ್ಕೆ ಎರಡು ಬಾಲ, ಈಜಬಲ್ಲವು. ಹಗಲು ಬೆಳಕಿಗೆ ಮೇಲೆ, ರಾತ್ರಿ ಗೊಬ್ಬರಕ್ಕೆ ಕೆಳಗೆ. ಬೇಸಿಗೆಗೆ ಗೊಬ್ಬರ ತೀರಿದಾಗ ಟ್ರೈಕೋಡೆಸ್ಮಿಯಂ ಎಂಬ ಮತ್ತೊಂದು ಪ್ಲವಕದ ಸರದಿ. ಅದು ಗಾಳಿಯ ಸಾರಜನಕವನ್ನೇ ಹಿಡಿದು ಬದುಕುತ್ತದೆ. ಅದು ದಡಕ್ಕೆ ಬಂದಾಗ ಮರದ ಹೊಟ್ಟು ಚೆಲ್ಲಿದ ಹಾಗಿರುತ್ತದೆ, ಕೊಳೆತರೆ ನಾತ. ಆಗಲೂ ನನಗೆ ಫೋನು ಬರುತ್ತದೆ, "ಯಾವುದೋ ಫ್ಯಾಕ್ಟರಿದು ಅಲ್ವಾ?"

ಇನ್ನು ನೀಲಿ ಬೇಕು ಅನ್ನುವವರ ಕತೆ. 2020ರ ಕೊನೆಯಲ್ಲಿ ನಮ್ಮ ಕರಾವಳಿಯ ಕೆಲವು ಕಡೆ ರಾತ್ರಿ ಅಲೆ ಒಡೆದಾಗೆಲ್ಲ ನೀಲಿ ಬೆಳಕು. ಅಲುಗಿಸಿದರೆ ಮಿನುಗುವ ನಾಕ್ಟಿಲುಕದಂಥ ಜೀವಿಗಳ ಕೆಲಸ. ನಾಕ್ಟಿಲುಕ ಡಯಾಟಮ್‌ಗಳನ್ನು ನುಂಗಿ ಬೆಳೆಯುವಂಥದ್ದು. ಕೊನೆಗೂ ನೀಲಿ ಬಂತು ಅಂತ ನಾನು ಖುಷಿಯಲ್ಲಿದ್ದೆ. ವಾಟ್ಸಾಪಿನಲ್ಲಿ ಬಂದದ್ದು: "ಕಾಲು ಹಾಕಬೇಡಿ, ಕೆಮಿಕಲ್ ಬಿಟ್ಟಿದ್ದಾರೆ."

ಊಟಕ್ಕೆ ವಾಪಸ್ ಬರುತ್ತೇನೆ. ಮಾವ ಕೈಯಲ್ಲಿದ್ದ ಬೂತಾಯಿಯನ್ನು ಎಲೆಯ ಬದಿಗಿಟ್ಟರು. ಚಿಕ್ಕಮ್ಮ ನನ್ನನ್ನು ನುಂಗುವ ಹಾಗೆ ನೋಡಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮಾವ ಬಹಳ ಗಂಭೀರವಾಗಿ ಕೇಳಿದರು, "ಹಾಗಾದ್ರೆ ಬೂತಾಯಿ ಸಸ್ಯಾಹಾರಿನಾ?"

"ಹೆಚ್ಚುಕಮ್ಮಿ" ಅಂದೆ. "ನಡುವೆ ಸಣ್ಣ ಹುಳ ಸಿಕ್ಕಿದ್ರೆ ಬಿಡಲ್ಲ."

ಅವರು ಬದಿಗಿಟ್ಟದ್ದನ್ನು ಮತ್ತೆ ಎತ್ತಿಕೊಂಡರು. ಈಗ ಆ ಮನೆಯವರು ಯಾರೇ ಸಿಕ್ಕರೂ ಮಾಲ್ಡೀವ್ಸ್ ಸುದ್ದಿ ಎತ್ತುವುದಿಲ್ಲ, ಶನಿವಾರ ಬೂತಾಯಿ ತಿನ್ನಬಹುದಾ ಅಂತ ಕೇಳುತ್ತಾರೆ.